ನಾಲ್ಕು ಟ್ರ್ಯಾಕಿನ ಕ್ಯಾಸೆಟ್ಟಿನಲ್ಲಿ ಹುಟ್ಟಿದ ‘ನೆಬ್ರಾಸ್ಕ’

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕುರಿತ ‘ಡೆಲಿವರ್ ಮಿ ಫ್ರಮ್ ನೋವೇರ್’ ಎಂಬ ಚಿತ್ರ ತೆರೆಕಂಡಿತು. ಗಾಯಕರ ಮೇಲೆ ಸಿನಿಮಾ ಮಾಡಿದರೆ ಬಾಲ್ಯದಿಂದ ಶುರುವಾಗಿ ತುಂಬಿ ತುಳುಕುವ ಕ್ರೀಡಾಂಗಣದಲ್ಲಿ ಮುಗಿಯುವುದು ರೂಢಿ. ಈ ಚಿತ್ರದ ಹೂರಣವೇ ಬೇರೆ. ಖ್ಯಾತಿಯ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ಮನುಷ್ಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಒಬ್ಬನೇ ಕೂತು ಒಂದು ಕ್ಯಾಸೆಟ್ ತುಂಬಿಸಿದ ಕಥೆ ಅದು. ಆ ಕ್ಯಾಸೆಟ್ಟೇ ಮುಂದೆ 1982ರ ಸೆಪ್ಟೆಂಬರ್ 30ರಂದು ‘ನೆಬ್ರಾಸ್ಕ’ ಎಂಬ ಆಲ್ಬಂ ಆಗಿ ಬಂತು.

ಚಿತ್ರ ನೋಡಿ ಆಲ್ಬಂ ಹುಡುಕಿದವರಲ್ಲಿ ಹಲವರು ಎರಡನೇ ಹಾಡಿಗೇ ತಬ್ಬಿಬ್ಬಾಗಬಹುದು. ಡ್ರಮ್ಸ್ ಇಲ್ಲ, ಕೋರಸ್ ಇಲ್ಲ, ಬ್ಯಾಂಡ್ ಇಲ್ಲ. ಒಂದು ಗಿಟಾರ್, ನಡುನಡುವೆ ಮೌತ್ ಆರ್ಗನ್, ಹಿಂದೆಲ್ಲೋ ಸಣ್ಣಗೆ ಟೇಪಿನ ‘ಸ್‌ಸ್’ ಸದ್ದು. ಹಾಡುಗಳ ತುಂಬ ಕೊಲೆ, ಸಾಲ, ಮುಚ್ಚಿದ ಕಾರ್ಖಾನೆ. ಇಷ್ಟು ಬರಿದಾದ, ಇಷ್ಟು ಕತ್ತಲಿನ ಸಂಗೀತವನ್ನು ನಾಲ್ಕು ದಶಕಗಳ ಮೇಲೂ ಜನ ಏಕೆ ಕೇಳುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಫೋಕ್, ಕಂಟ್ರಿ, ಅಕೂಸ್ಟಿಕ್: ಮೊದಲು ಈ ಮೂರು

ಅಮೆರಿಕದ ಫೋಕ್ ಸಂಗೀತದ ಬೇರು ಬಾಯಿಂದ ಬಾಯಿಗೆ ಬಂದ ಹಾಡುಗಳಲ್ಲಿದೆ. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿನಿಂದ ವಲಸೆ ಬಂದವರು ಅಪಲೇಶಿಯನ್ ಬೆಟ್ಟಸಾಲಿಗೆ ತಮ್ಮ ಕಥನಗೀತೆಗಳನ್ನು ಹೊತ್ತು ತಂದರು. ಕೊಲೆಯಾದ ಪ್ರೇಯಸಿ, ಮುಳುಗಿದ ಹಡಗು, ನೇಣಿಗೆ ಹೋದ ಕಳ್ಳ, ಇವೆಲ್ಲ ಆ ಹಾಡುಗಳ ವಸ್ತು. ದಕ್ಷಿಣದ ಹತ್ತಿಹೊಲಗಳಲ್ಲಿ ದುಡಿದ ಕಪ್ಪು ಜನರ ಬ್ಲೂಸ್, ಚರ್ಚಿನ ಭಕ್ತಿಗೀತೆಗಳು ಇದಕ್ಕೆ ಬೆರೆತವು. 1930ರ ದಶಕದಲ್ಲಿ ದೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡು ಗುಳೆ ಹೊರಟವರ ಪಾಡನ್ನು ವುಡಿ ಗತ್ರಿ ಹಾಡು ಕಟ್ಟಿ ಹಾಡಿದರು. ಅಲ್ಲಿಂದ ಮುಂದೆ, ಒಬ್ಬರೇ ಕೂತು ಹೊಸದಾಗಿ ಬರೆದ ಹಾಡನ್ನೂ, ಅದು ಆ ಹಳೆಯ ಧಾಟಿಯಲ್ಲಿ ಜನರ ಬದುಕಿನ ಕಥೆ ಹೇಳಿದರೆ, ಫೋಕ್ ಎಂದೇ ಕರೆಯುವುದು ವಾಡಿಕೆಯಾಯಿತು.

ಕಂಟ್ರಿ ಅದೇ ಬೇರಿನ ಇನ್ನೊಂದು ಕವಲು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಬೆಟ್ಟದ ಊರುಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ ಹಳ್ಳಿಯ ಹಾಡುಗಾರರನ್ನು ರೆಕಾರ್ಡ್ ಮಾಡಿ ಮಾರತೊಡಗಿದವು. ಅಲ್ಲಿಂದ ಬೆಳೆದ ಉದ್ಯಮವೇ ಕಂಟ್ರಿ. ಕುಡಿತ, ಮುರಿದ ಮನೆ, ದುಡಿಮೆ, ದೇವರು, ಜೈಲು ಅದರ ನಿತ್ಯದ ಸಂಗತಿಗಳು. 29ನೇ ವಯಸ್ಸಿಗೆ ತೀರಿಹೋದ ಹ್ಯಾಂಕ್ ವಿಲಿಯಮ್ಸ್ ಸರಳ ಮಾತಿನಲ್ಲಿ ಆಳದ ದುಃಖ ಹೇಳುವುದಕ್ಕೆ ಹೆಸರಾದವರು.

ಅಕೂಸ್ಟಿಕ್ ಎಂದರೆ ವಾದ್ಯದ ಮೈಯಿಂದಲೇ ಬರುವ ನಾದ. ತಂತಿ ಮೀಟಿದಾಗ ಗಿಟಾರಿನ ಮರದ ಡಬ್ಬಿಯೇ ಸದ್ದನ್ನು ಹಿಗ್ಗಿಸುತ್ತದೆ, ನಡುವೆ ವಿದ್ಯುತ್ ಇರುವುದಿಲ್ಲ. ‘ನೆಬ್ರಾಸ್ಕ’ ಹೆಚ್ಚುಕಡಿಮೆ ಪೂರ್ತಿ ಅಕೂಸ್ಟಿಕ್. ‘ಓಪನ್ ಆಲ್ ನೈಟ್’ ಹಾಡಿನಲ್ಲಿ ಮಾತ್ರ ಎಲೆಕ್ಟ್ರಿಕ್ ಗಿಟಾರ್ ಕೇಳುತ್ತದೆ.

ಇಲ್ಲಿ ಒಂದು ಮಾತು ಮುಖ್ಯ. ಸ್ಪ್ರಿಂಗ್‌ಸ್ಟೀನ್ ಫೋಕ್ ಗಾಯಕರೂ ಅಲ್ಲ, ಕಂಟ್ರಿ ಗಾಯಕರೂ ಅಲ್ಲ. ಅವರು ರಾಕ್ ಸಂಗೀತದವರು, ಅದರಲ್ಲೂ ಅಬ್ಬರದ ರಾಕ್. ಆದ್ದರಿಂದಲೇ ಈ ಆಲ್ಬಂ ಬಂದಾಗ ಜನ ಬೆರಗಾದರು.

ಅದುವರೆಗಿನ ಸ್ಪ್ರಿಂಗ್‌ಸ್ಟೀನ್

1949ರಲ್ಲಿ ಹುಟ್ಟಿದ ಅವರು ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್ ಎಂಬ ಕಾರ್ಮಿಕರ ಪಟ್ಟಣದಲ್ಲಿ. ತಂದೆ ಕಾರ್ಖಾನೆಯ ಕೆಲಸ, ಬಸ್ ಓಡಿಸುವುದು ಎಂದು ಒಂದರಿಂದ ಇನ್ನೊಂದಕ್ಕೆ ಹಾರಿದವರು, ಮನೋವ್ಯಾಧಿಯಿಂದ ನರಳಿದವರು. ಅಪ್ಪ ಅಡುಗೆಮನೆಯ ಕತ್ತಲಲ್ಲಿ ಮಾತಿಲ್ಲದೆ ಕೂತಿರುತ್ತಿದ್ದುದನ್ನು ಸ್ಪ್ರಿಂಗ್‌ಸ್ಟೀನ್ ವೇದಿಕೆಗಳ ಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

1975ರಲ್ಲಿ ‘ಬಾರ್ನ್ ಟು ರನ್’ ಆಲ್ಬಂ ಬಂದಾಗ ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಒಂದೇ ವಾರ ಅವರನ್ನು ಮುಖಪುಟಕ್ಕೆ ಹಾಕಿದವು. 1980ರ ‘ದಿ ರಿವರ್’ ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಮ್ಮ ಇ ಸ್ಟ್ರೀಟ್ ಬ್ಯಾಂಡ್ ಜೊತೆಗಿನ ದೀರ್ಘ ಪ್ರವಾಸ 1981ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಇನ್ನೊಂದು ದೊಡ್ಡ ಆಲ್ಬಂ ಬಿಟ್ಟರೆ ತಾರೆಯಾಗುವುದು ಖಚಿತ ಎಂಬ ಹೊತ್ತು. ಅವರು ಬಂದು ಕೂತದ್ದು ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯಲ್ಲಿ, ತಾವು ಬೆಳೆದ ಊರಿಗೆ ಹತ್ತಿರದಲ್ಲೇ.

ಆ ಚಳಿಗಾಲ ಅವರು ಫ್ಲಾನರಿ ಓ’ಕಾನರ್ ಕಥೆಗಳನ್ನು ಓದುತ್ತಿದ್ದರು. ಅಮೆರಿಕದ ದಕ್ಷಿಣದ ಸಾಮಾನ್ಯ ಜನರೊಳಗೆ ಕ್ರೌರ್ಯ ಹೇಗೆ ತಣ್ಣಗೆ ಕೂತಿರುತ್ತದೆ ಎಂದು ತೋರಿಸುವ ಕಥೆಗಳವು. ಟೆರೆನ್ಸ್ ಮ್ಯಾಲಿಕ್ ಅವರ 1973ರ ಚಿತ್ರ ‘ಬ್ಯಾಡ್‌ಲ್ಯಾಂಡ್ಸ್’ ಕೂಡ ಅವರ ತಲೆಯಲ್ಲಿ ಕೂತಿತ್ತು. ಅದರ ಹಿಂದಿದ್ದ ನಿಜ ಪ್ರಕರಣವನ್ನು ಬೆನ್ನುಹತ್ತಿ ಹೋದಾಗ ಆಲ್ಬಂನ ಶೀರ್ಷಿಕೆ ಗೀತೆ ಹುಟ್ಟಿತು.

ಕೋಣೆಯೊಳಗೆ ನಡೆದದ್ದು

ಸ್ಟುಡಿಯೊ ಎಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಸ್ಪ್ರಿಂಗ್‌ಸ್ಟೀನ್ ಸ್ಟುಡಿಯೊದಲ್ಲೇ ಕೂತು ಹಾಡು ಬರೆದು, ತಿದ್ದಿ, ಬಿಸಾಡಿ, ಮತ್ತೆ ಬರೆದು ಅಪಾರ ಹಣ, ಸಮಯ ಕಳೆಯುತ್ತಿದ್ದರು. ಈ ಸಲ ಹಾಡುಗಳನ್ನು ಮನೆಯಲ್ಲೇ ಒರಟಾಗಿ ಮುದ್ರಿಸಿಕೊಂಡು, ಅವು ನಿಲ್ಲುತ್ತವೋ ಇಲ್ಲವೋ ನೋಡಿ, ಆಮೇಲೆ ಬ್ಯಾಂಡ್‌ಗೆ ಕಲಿಸೋಣ ಎಂದುಕೊಂಡರು. ಹೀಗೆ ನಮೂನೆಗೆಂದು ಮಾಡುವ ಕಚ್ಚಾ ರೆಕಾರ್ಡಿಂಗ್‌ಗೆ ಡೆಮೊ ಎನ್ನುತ್ತಾರೆ. ಡೆಮೊ ಸಾಮಾನ್ಯವಾಗಿ ಹೊರಗಿನವರ ಕಿವಿಗೆ ಬೀಳುವುದೇ ಇಲ್ಲ.

ಅವರ ಗಿಟಾರ್ ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಟೀಯಾಕ್ ಕಂಪನಿಯ ‘ಪೋರ್ಟಸ್ಟುಡಿಯೊ 144’ ಎಂಬ ಯಂತ್ರ ತಂದು ಜೋಡಿಸಿದರು. ಕೆಲವೇ ವರ್ಷಗಳ ಹಿಂದೆ ಪೇಟೆಗೆ ಬಂದಿದ್ದ ಇದು ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುತ್ತಿತ್ತು. ಟ್ರ್ಯಾಕ್ ಎಂದರೇನು? ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆಯನ್ನೋ ಸಾಸಿವೆಯನ್ನೋ ಬಿತ್ತುತ್ತಾರಲ್ಲ, ಹಾಗೆ. ಹೊಲ ಒಂದೇ, ಸಾಲು ಬೇರೆ, ಒಂದು ಸಾಲಿನ ಬೆಳೆಯನ್ನು ಮುಟ್ಟದೆ ಇನ್ನೊಂದನ್ನು ನೋಡಿಕೊಳ್ಳಬಹುದು. ಟೇಪಿನ ಉದ್ದಕ್ಕೂ ಓಡುವ ಒಂದು ಸಾಲಿಗೆ ದನಿ, ಇನ್ನೊಂದಕ್ಕೆ ಗಿಟಾರ್ ತುಂಬಿದ ಮೇಲೆ, ಅವನ್ನು ಕೇಳಿಸಿಕೊಳ್ಳುತ್ತಲೇ ಮಿಕ್ಕ ಎರಡು ಸಾಲಿಗೆ ಮೌತ್ ಆರ್ಗನ್ನೋ ಮ್ಯಾಂಡೊಲಿನ್ನೋ ಎರಡನೇ ದನಿಯೋ ಸೇರಿಸಬಹುದು. ಆ ನಾಲ್ಕು ತುಂಬಿದರೆ ಮುಗಿಯಿತು. ‘ನೆಬ್ರಾಸ್ಕ’ ಬರಿದಾಗಿರುವುದಕ್ಕೆ ಮೊದಲ ಕಾರಣ ಈ ಮಿತಿಯೇ.

1982ರ ಜನವರಿಯ ಮೊದಲ ವಾರದಲ್ಲಿ, ಎರಡು ಸಾಧಾರಣ ಮೈಕ್ ಇಟ್ಟುಕೊಂಡು ಹಾಡುಗಳಲ್ಲಿ ಬಹುಪಾಲನ್ನು ಮುದ್ರಿಸಿದರು. ಆಮೇಲೆ ನಾಲ್ಕನ್ನೂ ಹದವಾಗಿ ಬೆರೆಸಿ ಎರಡು ಸ್ಪೀಕರಿಗೆ ಇಳಿಸುವ ಕೆಲಸ, ಅಂದರೆ ಮಿಕ್ಸಿಂಗ್. ಅದಕ್ಕೆ ಬಳಸಿದ್ದು ಪ್ಯಾನಸೋನಿಕ್‌ನ ಟೇಪ್ ರೆಕಾರ್ಡರ್, ಹಿಂದೊಮ್ಮೆ ನದಿಗೆ ಬಿದ್ದು ನೀರು ಕುಡಿದು ಮತ್ತೆ ಬದುಕಿದ ಪೆಟ್ಟಿಗೆ. ನಡುವೆ ‘ಎಕೋಪ್ಲೆಕ್ಸ್’ ಎಂಬ ಪ್ರತಿಧ್ವನಿ ಯಂತ್ರ ಇಟ್ಟರು. ಹಾಡಿದ ಮಾತು ಕ್ಷಣದ ಒಂದಂಶ ತಡವಾಗಿ ಮತ್ತೊಮ್ಮೆ ಕೇಳುವಂತೆ ಅದು ಮಾಡುತ್ತದೆ. 1950ರ ದಶಕದ ಮೆಂಫಿಸ್‌ನ ರಾಕ್ ರೆಕಾರ್ಡ್‌ಗಳಲ್ಲಿ ಇದೇ ಗುಣವಿತ್ತು. ಆದರೆ ಅಲ್ಲಿ ಉತ್ಸಾಹ ಹೆಚ್ಚಿಸಿದ ಪ್ರತಿಧ್ವನಿ ಇಲ್ಲಿ ಒಂಟಿತನವನ್ನು ಹೆಚ್ಚಿಸಿತು. ಮಲಗುವ ಕೋಣೆಯಲ್ಲಿ ಮುದ್ರಿಸಿದ ದನಿ ಜನವಿಲ್ಲದ ದೊಡ್ಡ ಕಟ್ಟಡದೊಳಗಿಂದ ಬಂದ ಹಾಗೆ ಕೇಳುತ್ತದೆ.

ಹೀಗೆ ಸಿದ್ಧವಾದ ಕ್ಯಾಸೆಟ್ಟಿಗೆ ಡಬ್ಬಿಯೂ ಇರಲಿಲ್ಲ. ಸ್ಪ್ರಿಂಗ್‌ಸ್ಟೀನ್ ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದರು.

ಬ್ಯಾಂಡ್ ನುಡಿಸಿದರೂ ಕೂಡಿಬರಲಿಲ್ಲ

ಆ ವಸಂತದಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೊದಲ್ಲಿ ಬ್ಯಾಂಡ್ ಸೇರಿತು. ದೇಶದಲ್ಲೇ ಹೆಸರು ಮಾಡಿದ ವಾದಕರು, ಅತ್ಯುತ್ತಮ ಉಪಕರಣ. ಕ್ಯಾಸೆಟ್ಟಿನಲ್ಲಿದ್ದ ಒಂದು ಹಾಡಂತೂ ಬ್ಯಾಂಡ್ ಕೈಗೆ ಸಿಕ್ಕೊಡನೆ ಗುಡುಗಿತು. ‘ಬಾರ್ನ್ ಇನ್ ದಿ ಯುಎಸ್‌ಎ’ ಅದು. ಕೋಲ್ಟ್ಸ್ ನೆಕ್ ಕೋಣೆಯಲ್ಲಿ ಅದೂ ಗಿಟಾರ್ ಒಂದರ ಮೇಲೆ ಹಾಡಿದ ಮಂಕು ಹಾಡಾಗಿತ್ತು.

ಉಳಿದವು ಕೆಟ್ಟವು. ತಾಳ ತಪ್ಪಿತೆಂದಲ್ಲ, ನುಡಿಸಾಣಿಕೆ ಸೊಗಸಾಗಿಯೇ ಇತ್ತು. ಆದರೆ ಈ ಹಾಡುಗಳಲ್ಲಿ ಮಾತಾಡುವವರು ಎದುರಿಗೆ ಯಾರೂ ಇಲ್ಲದವರು. ಅವರ ಬೆನ್ನಿಗೆ ಡ್ರಮ್ಸ್, ಪಿಯಾನೊ, ಸ್ಯಾಕ್ಸೊಫೋನ್ ನಿಂತ ಕೂಡಲೇ ಅವರು ಒಂಟಿಯಾಗಿ ಉಳಿಯಲಿಲ್ಲ. ಕಥೆ ಹಿಂದೆ ಸರಿದು ಸಂಗೀತ ಮುಂದೆ ಬಂತು. ಬ್ಯಾಂಡ್ ಬಿಟ್ಟು ಒಬ್ಬರೇ ಸ್ಟುಡಿಯೊದಲ್ಲಿ ಹಾಡಿ ನೋಡಿದರೂ ಆ ಕೋಣೆಯ ಗಾಳಿ ಮರಳಲಿಲ್ಲ. ಕೊನೆಗೆ ಜೇಬಿನ ಕ್ಯಾಸೆಟ್ ತೆಗೆದು, ಇದನ್ನೇ ಆಲ್ಬಂ ಮಾಡೋಣ ಎಂಬ ತೀರ್ಮಾನಕ್ಕೆ ಬಂದರು.

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಆಗ ಸಂಗೀತ ಮುಖ್ಯವಾಗಿ ಮಾರಾಟವಾಗುತ್ತಿದ್ದುದು ಎಲ್‌ಪಿ ತಟ್ಟೆಗಳಲ್ಲಿ. ಮುದ್ರಿಕೆಯ ಸದ್ದನ್ನು ತಟ್ಟೆಗೆ ಒಗ್ಗುವ ಹಾಗೆ ಹದಗೊಳಿಸಿ, ಸೂಜಿಯಿಂದ ಮೂಲ ತಟ್ಟೆಯಲ್ಲಿ ಗೀರು ಕೊರೆಯುವ ಘಟ್ಟವನ್ನು ಮಾಸ್ಟರಿಂಗ್ ಎನ್ನುತ್ತಾರೆ. ಕ್ಯಾಸೆಟ್ಟಿನ ಸದ್ದು ತೀರ ಕ್ಷೀಣವಾಗಿತ್ತು, ಗೊಜಗೊಜ ಬೇರೆ. ಕೊರೆಯಲು ಹೋದರೆ ತಟ್ಟೆಯಲ್ಲಿ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಹಲವು ಕಡೆ ಪ್ರಯತ್ನಿಸಿ, ಎಲ್‌ಪಿ ಬಿಟ್ಟು ಬರೀ ಕ್ಯಾಸೆಟ್ ಆಗಿ ಬಿಡುವ ಯೋಚನೆಯವರೆಗೂ ಹೋಗಿ, ಕಡೆಗೆ ಸದ್ದಿನ ಮಟ್ಟ ಇಳಿಸಿ ಕೊರೆದಾಗ ಕೆಲಸವಾಯಿತು. ಬೇರೆ ಆಲ್ಬಂ ಕೇಳಿ ಇದಕ್ಕೆ ಬಂದರೆ ವಾಲ್ಯೂಮ್ ಏರಿಸಬೇಕೆನಿಸುವುದು ಸಹಜ.

ಹಾಡುಗಳೊಳಗಿನ ಜನ

ಶೀರ್ಷಿಕೆ ಗೀತೆಯಲ್ಲಿ ಮಾತಾಡುವವನು ಕೊಲೆಗಾರ. 1957ರ ಕೊನೆಯಿಂದ 1958ರ ಜನವರಿಯೊಳಗೆ ನೆಬ್ರಾಸ್ಕ ಮತ್ತು ಪಕ್ಕದ ವಯೋಮಿಂಗ್ ರಾಜ್ಯಗಳಲ್ಲಿ 11 ಜನರನ್ನು ಕೊಂದ ಚಾರ್ಲ್ಸ್ ಸ್ಟಾರ್ಕ್‌ವೆದರ್‌ಗೆ ಆಗ 19 ವರ್ಷ. ಜೊತೆಯಲ್ಲಿದ್ದ ಹುಡುಗಿಗೆ 14. 1959ರಲ್ಲಿ ಅವನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ಸ್ಪ್ರಿಂಗ್‌ಸ್ಟೀನ್ ಈ ಕಥೆಯನ್ನು ಪತ್ರಿಕೆಯ ಧಾಟಿಯಲ್ಲಿ ಹೇಳದೆ ಅವನ ಬಾಯಿಂದಲೇ ಹೇಳಿಸುತ್ತಾರೆ. ಕ್ಷಮೆ ಕೇಳುವುದಿಲ್ಲ, ಕಾರಣವೂ ಸರಿಯಾಗಿ ಸಿಗುವುದಿಲ್ಲ. ಕೇಳುವವರಿಗೆ ಅವನನ್ನು ದೂರ ತಳ್ಳಲೂ ಆಗದು, ಹತ್ತಿರ ಬಿಟ್ಟುಕೊಳ್ಳಲೂ ಆಗದು.

ಉಳಿದವರು ಆ ಕಾಲದ ಅಮೆರಿಕದಲ್ಲಿ ದಿನವೂ ಎದುರಾಗುತ್ತಿದ್ದವರು. ಬೆಲೆಯೇರಿಕೆ ತಡೆಯಲು ಬಡ್ಡಿದರವನ್ನು ವಿಪರೀತ ಏರಿಸಲಾಗಿತ್ತು. ಸಾಲ ದುಬಾರಿಯಾಗಿ ಕಾರ್ಖಾನೆಗಳು ಮುಚ್ಚಿದವು. 1982ರ ಕೊನೆಗೆ ನಿರುದ್ಯೋಗ ಶೇ 10.8ಕ್ಕೆ ಮುಟ್ಟಿತು. ನ್ಯೂಜೆರ್ಸಿಯ ಮಾವಾದಲ್ಲಿದ್ದ ಫೋರ್ಡ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತ್ತು. ‘ಜಾನಿ 99’ ಹಾಡು ಅಲ್ಲಿಂದಲೇ ಶುರುವಾಗುತ್ತದೆ. ಕೆಲಸ ಹೋದವನು ಕುಡಿದು ಒಬ್ಬ ಗುಮಾಸ್ತನಿಗೆ ಗುಂಡು ಹೊಡೆಯುತ್ತಾನೆ. ನ್ಯಾಯಾಧೀಶ 99 ವರ್ಷ ಶಿಕ್ಷೆ ಕೊಟ್ಟಾಗ, ಅದಕ್ಕಿಂತ ಸಾವೇ ಮೇಲೆಂದು ಬೇಡುತ್ತಾನೆ.

‘ಅಟ್ಲಾಂಟಿಕ್ ಸಿಟಿ’ ಕಡಲತೀರದ ಒಂದು ಊರಿನ ಹೆಸರು. ಸೊರಗಿದ ಆ ಊರನ್ನು ಎತ್ತಲೆಂದು 1976ರಲ್ಲಿ ಅಲ್ಲಿ ಜೂಜುಕಟ್ಟೆಗಳಿಗೆ ಅನುಮತಿ ಸಿಕ್ಕಿತು, ಹಿಂದೆಯೇ ಮಾಫಿಯಾ ಬಂತು. ಸಾಲ ತೀರಿಸಲಾಗದ ಒಬ್ಬ ಯುವಕ ಯಾರಿಗೋ ‘ಸಣ್ಣ ಕೆಲಸ’ ಮಾಡಿಕೊಡಲು ಒಪ್ಪಿ, ತನ್ನ ಹುಡುಗಿಯನ್ನು ಸಿಂಗರಿಸಿಕೊಂಡು ಬಾ ಎಂದು ಕರೆಯುತ್ತಾನೆ. ಆ ಕೆಲಸ ಏನೆಂದು ಹಾಡು ಹೇಳುವುದೇ ಇಲ್ಲ. ಹೇಳದೆ ಬಿಟ್ಟದ್ದೇ ಎದೆಗೆ ಒತ್ತುತ್ತದೆ.

ನನಗೆ ಇಡೀ ಆಲ್ಬಂನಲ್ಲಿ ಅತ್ಯಂತ ಗಟ್ಟಿಯಾದ ಬರವಣಿಗೆ ಎನಿಸುವುದು ‘ಹೈವೇ ಪಟ್ರೋಲ್‌ಮನ್’. ಅಣ್ಣ ಜೋ ಪೊಲೀಸ್, ತಮ್ಮ ಫ್ರ್ಯಾಂಕಿ ಪುಂಡ. ತಮ್ಮ ಸೈನ್ಯಕ್ಕೆ ಹೋದ, ಅಣ್ಣ ಹೊಲ ನೋಡಿಕೊಂಡ, ಗೋಧಿಯ ಬೆಲೆ ಬಿದ್ದು ಹೊಲ ಹೋದ ಮೇಲೆ ಖಾಕಿ ತೊಟ್ಟ. ಒಂದು ರಾತ್ರಿ ತಮ್ಮ ಒಬ್ಬನನ್ನು ಹೊಡೆದು ಬೀಳಿಸಿ ಕಾರು ಹತ್ತಿ ಪರಾರಿಯಾಗುತ್ತಾನೆ, ಅಣ್ಣ ಬೆನ್ನಟ್ಟುತ್ತಾನೆ. ಕೆನಡಾ ಗಡಿ ಹತ್ತಿರವಾದಾಗ ಅಣ್ಣ ತನ್ನ ಕಾರನ್ನು ರಸ್ತೆಬದಿಗೆ ನಿಲ್ಲಿಸಿಬಿಡುತ್ತಾನೆ. ರಕ್ತಸಂಬಂಧ, ಕರ್ತವ್ಯ ಎರಡರ ಬಗ್ಗೆ ಭಾಷಣವೇ ಇಲ್ಲದೆ ಹಾಡು ಮುಗಿಯುತ್ತದೆ. ಇದೇ ಕಥೆಯನ್ನು ಹಿಡಿದು ಶಾನ್ ಪೆನ್ 1991ರಲ್ಲಿ ‘ದಿ ಇಂಡಿಯನ್ ರನ್ನರ್’ ಚಿತ್ರ ಮಾಡಿದರು.

ಇನ್ನು ಮೂರು ಹಾಡು ಮಗನ ಕಣ್ಣಿಂದ ಕಂಡ ಅಪ್ಪನವು. ಊರಾಚೆಯ ಬಂಗಲೆಯನ್ನು ಗೇಟಿನ ಹೊರಗಿನಿಂದ ಮಗನಿಗೆ ತೋರಿಸುವ ಅಪ್ಪ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಅಪ್ಪ, ಕನಸಿನಲ್ಲಿ ಕಂಡು ಹುಡುಕಿಕೊಂಡು ಹೋದಾಗ ಮನೆಯಲ್ಲಿರದ ಅಪ್ಪ. ಕೊಲೆ, ದರೋಡೆಯ ಕಥೆಗಳ ನಡುವೆ ಇವನ್ನು ಇಟ್ಟಿರುವುದು ಸುಮ್ಮನೆ ಅಲ್ಲ ಎಂದು ನಾನು ನಂಬುತ್ತೇನೆ. ದೊಡ್ಡವರ ಹಾಡುಗಳಲ್ಲಿ ಒಡೆದುಹೋಗುವ ಮನಸ್ಸು ಈ ಹುಡುಗನ ಹಾಡುಗಳಲ್ಲಿ ಬಿರುಕು ಬಿಡುತ್ತಿರುವುದು ಕಾಣುತ್ತದೆ.

ದುಃಖ ಎಲ್ಲಿಂದ ಕೇಳಿಸುತ್ತದೆ

ಪಾಶ್ಚಾತ್ಯ ಸಂಗೀತದಲ್ಲಿ ಮೈನರ್ ಸ್ವರಶ್ರೇಣಿಯನ್ನು ದುಃಖಕ್ಕೆ, ಮೇಜರ್ ಅನ್ನು ಸಂತೋಷಕ್ಕೆ ಜೋಡಿಸುವ ರೂಢಿಯಿದೆ. ‘ನೆಬ್ರಾಸ್ಕ’ ಹಾಡು ಇರುವುದು ಮೇಜರ್‌ನಲ್ಲಿ. ಕಣ್ಣುಮುಚ್ಚಿ ರಾಗವಷ್ಟನ್ನೇ ಕೇಳಿದರೆ ಜೋಗುಳ ಎನ್ನಬಹುದು. ಅಷ್ಟು ಮೆದುವಾದ ರಾಗದ ಮೇಲೆ ಸಾವುಗಳ ಲೆಕ್ಕ ಬಂದಾಗಲೇ ಬೆನ್ನುಹುರಿ ತಣ್ಣಗಾಗುವುದು. ‘ಜಾನಿ 99’ ಇನ್ನೂ ಒಂದು ಹೆಜ್ಜೆ ಮುಂದೆ, ಅದರ ತಾಳಕ್ಕೆ ಕಾಲು ಕುಣಿಯುತ್ತದೆ.

ಎರಡನೆಯದು, ಹಾಡಿನವರು ಯಾರನ್ನೋ ‘ಸರ್’, ‘ಮಿಸ್ಟರ್’ ಎಂದು ಕರೆಯುತ್ತಲೇ ಇರುತ್ತಾರೆ. ಆ ಸರ್ ನ್ಯಾಯಾಧೀಶನೋ ಪೊಲೀಸನೋ ಗೊತ್ತಾಗುವುದಿಲ್ಲ. ಕೇಳುವ ನಾವೇ ಆ ಕುರ್ಚಿಯಲ್ಲಿ ಕೂತು ಹೇಳಿಕೆ ಬರೆದುಕೊಳ್ಳುತ್ತಿದ್ದೇವೆ ಎಂಬ ಭಾವ ಬರುತ್ತದೆ. ತಪ್ಪು ಮಾಡಿದವನು ಇಷ್ಟು ವಿನಯದಿಂದ ಮಾತಾಡುವುದು ಅವನು ಜೀವನಪೂರ್ತಿ ಯಾರ ಮುಂದೆಲ್ಲ ಕೈಕಟ್ಟಿ ನಿಂತಿದ್ದಾನೆ ಎಂಬುದನ್ನೂ ಹೇಳಿಬಿಡುತ್ತದೆ.

ಮೂರನೆಯದು ಪುನರಾವರ್ತನೆ. ‘ಸ್ಟೇಟ್ ಟ್ರೂಪರ್’ನಲ್ಲಿ ಗಿಟಾರ್ ಅಂಗೈಯಿಂದ ಅದುಮಿದ ಒಂದೇ ಮಿಡಿತವನ್ನು ಬಿಡದೆ ಬಾರಿಸುತ್ತದೆ. ರಾತ್ರಿ, ಹೆದ್ದಾರಿ, ದಾಖಲೆಯಿಲ್ಲದ ಕಾರು, ಪೊಲೀಸ್ ತಡೆಯದಿರಲಿ ಎಂಬ ಬೇಡಿಕೆ. ರಾಗ ಎಲ್ಲಿಗೂ ಹೋಗದು, ಹಾಗಾಗಿ ಒತ್ತಡ ಹೊರಬೀಳಲು ದಾರಿಯಿಲ್ಲ. ಕೊನೆಗೆ ಒಂದು ಅರಚಾಟವಾಗಿ ಹೊರಬೀಳುತ್ತದೆ. ಇದರ ಹಿಂದೆ ನ್ಯೂಯಾರ್ಕಿನ ‘ಸೂಸೈಡ್’ ಎಂಬ ಇಬ್ಬರ ತಂಡದ ಪ್ರಭಾವವಿದೆ. ಅವರು ಫೋಕ್‌ನವರಲ್ಲ, ಯಂತ್ರವಾದ್ಯದವರು. ಹಳ್ಳಿಯ ಸೊಗಡಿನಂತೆ ಕೇಳುವ ಆಲ್ಬಂನ ಒಂದು ಬೇರು ಮಹಾನಗರದ ನೆಲಮಾಳಿಗೆಯಲ್ಲಿದೆ.

ಬಂದ ಮೇಲೆ ಏನಾಯಿತು

ಪ್ರಚಾರದ ಪ್ರವಾಸ ಮಾಡಲಿಲ್ಲ. ಹೊದಿಕೆಯ ಮೇಲೆ ಗಾಯಕರ ಮುಖವೇ ಇಲ್ಲ. ಡೇವಿಡ್ ಮೈಕೆಲ್ ಕೆನಡಿ 1975ರ ಚಳಿಗಾಲದಲ್ಲಿ ಟ್ರಕ್ಕಿನ ಗಾಜಿನೊಳಗಿಂದ ತೆಗೆದ, ಖಾಲಿ ರಸ್ತೆಯ ಕಪ್ಪುಬಿಳುಪು ಚಿತ್ರ ಅದು. ಆದರೂ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಬಂತು. ಮರುವರ್ಷವೇ ಕಂಟ್ರಿಯ ಹಿರಿಯ ಜಾನಿ ಕ್ಯಾಶ್ ಇದರ ಎರಡು ಹಾಡುಗಳನ್ನು ತಮ್ಮ ದನಿಯಲ್ಲಿ ಹಾಡಿದರು. ದುಬಾರಿ ಸ್ಟುಡಿಯೊ ಇಲ್ಲದೆಯೂ ಆಲ್ಬಂ ಮಾಡಬಹುದೆಂದು ಇದನ್ನು ಕೇಳಿ ಧೈರ್ಯ ತಂದುಕೊಂಡವರ ಸಾಲು ಉದ್ದವಿದೆ.

ಸ್ಪ್ರಿಂಗ್‌ಸ್ಟೀನ್ ಮಾತ್ರ ಕುಸಿದರು. ಆಲ್ಬಂ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಕಾರಿನಲ್ಲಿ ಹೊರಟಾಗ ದಾರಿಯಲ್ಲಿ ಖಿನ್ನತೆ ಆವರಿಸಿತೆಂದೂ, ಅಲ್ಲಿಂದ ಮನೋಚಿಕಿತ್ಸೆ ಶುರುವಾಯಿತೆಂದೂ ಅವರೇ 2016ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಷ್ಟು ದೊಡ್ಡ ಹೆಸರಿನ ಗಾಯಕರೊಬ್ಬರು ಇದನ್ನು ಮುಚ್ಚಿಡದೆ ಹೇಳಿದ್ದು ದೊಡ್ಡ ಉಪಕಾರ.

1984ರಲ್ಲಿ ‘ಬಾರ್ನ್ ಇನ್ ದಿ ಯುಎಸ್‌ಎ’ ಆಲ್ಬಂ ಬಂದು ಅವರನ್ನು ಜಗತ್ತಿಗೇ ಪರಿಚಯಿಸಿತು. 1988ರ ಸೆಪ್ಟೆಂಬರ್‌ನಲ್ಲಿ ಮಾನವ ಹಕ್ಕುಗಳ ಪ್ರವಾಸದ ಭಾಗವಾಗಿ ಅವರು ದೆಹಲಿಗೂ ಬಂದು ಹಾಡಿದರು. 1984ರ ಚುನಾವಣೆಯ ಕಾಲದಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಸಭೆಯೊಂದರಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದ್ದರು. ಕೆಲವೇ ದಿನಗಳಲ್ಲಿ, ಉಕ್ಕಿನ ಕಾರ್ಖಾನೆಗಳು ಮುಚ್ಚುತ್ತಿದ್ದ ಪಿಟ್ಸ್‌ಬರ್ಗ್‌ನಲ್ಲಿ ವೇದಿಕೆ ಹತ್ತಿದ ಗಾಯಕರು, ಅಧ್ಯಕ್ಷರಿಗೆ ತಮ್ಮ ಯಾವ ಆಲ್ಬಂ ಇಷ್ಟವೋ, ‘ನೆಬ್ರಾಸ್ಕ’ವಂತೂ ಇರಲಾರದು ಎಂಬರ್ಥದ ಮಾತು ಹೇಳಿ ‘ಜಾನಿ 99’ ಹಾಡಿದರು.

ಎಲ್ಲಿಂದ ಕೇಳಲು ಶುರುಮಾಡುವುದು

ಹತ್ತು ಹಾಡು ಸೇರಿ ಸುಮಾರು 41 ನಿಮಿಷ. ಮೊದಲ ಸಲಕ್ಕೆ ‘ಅಟ್ಲಾಂಟಿಕ್ ಸಿಟಿ’ ಒಳ್ಳೆಯದು, ರಾಗ ಬೇಗ ಹತ್ತಿರವಾಗುತ್ತದೆ. ಆಮೇಲೆ ‘ಹೈವೇ ಪಟ್ರೋಲ್‌ಮನ್’ ಅನ್ನು ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಇಂಗ್ಲಿಷ್ ಸರಳ, ಆದರೆ ಉಚ್ಚಾರ ನುಂಗಿದಂತಿರುವುದರಿಂದ ಓದಿಕೊಂಡರೆ ಕಥೆ ತಪ್ಪುವುದಿಲ್ಲ. ಈ ಎರಡು ಹಿಡಿಸಿದರೆ ಪೂರ್ತಿ ಆಲ್ಬಂ ಅನ್ನು ಕೊಟ್ಟ ಕ್ರಮದಲ್ಲೇ, ಇಯರ್‌ಫೋನ್ ಹಾಕಿಕೊಂಡು ಕೇಳುವುದು ಮೇಲು. ಫೋನಿನ ಸ್ಪೀಕರಿನಲ್ಲಿ ಆ ಪ್ರತಿಧ್ವನಿ ಕಳೆದುಹೋಗುತ್ತದೆ.

ಬರಿದು ಮಾಡುವುದರಿಂದ ಹಾಡೊಂದು ಎಷ್ಟು ಬದಲಾಗುತ್ತದೆಂದು ನೋಡಲು ಇನ್ನೊಂದು ದಾರಿಯಿದೆ. ಕೋಲ್ಟ್ಸ್ ನೆಕ್ ಕೋಣೆಯಲ್ಲಿ ಹಾಡಿದ ‘ಬಾರ್ನ್ ಇನ್ ದಿ ಯುಎಸ್‌ಎ’ 1998ರ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿದೆ. ಪವರ್ ಸ್ಟೇಷನ್‌ನಲ್ಲಿ ಬ್ಯಾಂಡ್ ನುಡಿಸಿ ಬದಿಗಿಟ್ಟಿದ್ದ ‘ನೆಬ್ರಾಸ್ಕ’ ಹಾಡುಗಳು 2025ರಲ್ಲಿ ಬಂದ ಇದೇ ಆಲ್ಬಂನ ವಿಸ್ತೃತ ಗುಚ್ಛದಲ್ಲಿ ಸಿಗುತ್ತವೆ. ವಿಯೆಟ್ನಾಂ ಯುದ್ಧದಿಂದ ಮರಳಿ ಕೆಲಸ ಸಿಗದೆ ಅಲೆಯುವ ಸೈನಿಕನ ಹಾಡಾದ ‘ಬಾರ್ನ್ ಇನ್ ದಿ ಯುಎಸ್‌ಎ’ಯನ್ನು ಮೊದಲು ಕೋಣೆಯ ರೂಪದಲ್ಲಿ, ಆಮೇಲೆ 1984ರ ರೂಪದಲ್ಲಿ ಕೇಳಿ. ಎರಡನೆಯದರಲ್ಲಿ ಡ್ರಮ್ಸ್ ಬಡಿತಕ್ಕೆ ಜನ ಮುಷ್ಟಿ ಎತ್ತಿ ಕೂಗಿದರು, ಎಷ್ಟೋ ಮಂದಿ ಅದನ್ನು ದೇಶದ ಜೈಕಾರ ಎಂದೇ ತಿಳಿದರು. ಮೊದಲನೆಯದನ್ನು ಕೇಳಿದವರು ಹಾಗೆ ತಿಳಿಯುವುದು ಸಾಧ್ಯವೇ ಇಲ್ಲ.